ಬೋರಲು ತಾಟು

ಲಕ್ಕಪ್ಪ ಉಪದೇಶಿಯ ಮನೆಯಲ್ಲಿ ಬೆಳಗಿನ ತಾಟುಗಳೆಲ್ಲ ಬೋರಲಾಗಿರುತ್ತಿದ್ದವು. ಅಡಿಗೆಮನೆಯಲ್ಲಿ ಗೋಡೆಗುಂಟ ಒಂದು ಚಾಪೆ, ಚಾಪೆಯ ಮುಂದೆ ಸಾಲಾಗಿ ಆರು ಹಿತ್ತಾಳೆಯ ತಾಟು, ಆರೂ ಮಗುಚಿದ್ದು. ಒಲೆಯ ಮುಂದೆ ದುರಗವ್ವ ರೊಟ್ಟಿ ಬಡಿಯುತ್ತಿದ್ದರೂ, ಅದರ ವಾಸನೆಗೆ ಎಲ್ಲರ ಬಾಯಲ್ಲಿ ನೀರೂರುತ್ತಿದ್ದರೂ ತಾಟು ಎತ್ತುವ ಹಾಗಿರಲಿಲ್ಲ. ಒಬ್ಬೊಬ್ಬರಾಗಿ ವೇದದ, ಅಂದರೆ ಬೈಬಲ್ಲಿನ, ಒಂದು ವಚನ ಹೇಳಬೇಕು. ಹೇಳಿದವರು ತಮ್ಮ ತಾಟನ್ನು ಅಂಗಾತ ಮಾಡಿಕೊಳ್ಳಬಹುದು. ಒಮ್ಮೆ ಹೇಳಿದ ವಚನವನ್ನು ಆ ತಿಂಗಳು ತಿರುಗಿ ಹೇಳುವಂತಿಲ್ಲ. ಹೇಳಲಾರದವರ ತಾಟು ಮಧ್ಯಾಹ್ನದ ಊಟದವರೆಗೆ ಬೋರಲೇ ಇರುತ್ತಿತ್ತು.

ಇದು ಮೂವತ್ತೈದು ವರ್ಷದ ಪದ್ಧತಿ. ಅದನ್ನು ಹಾಕಿಕೊಟ್ಟ ಲಕ್ಕಪ್ಪನಿಗೆ ತಾನು ಮಾಡಿದ್ದು ಒಳ್ಳೆಯದೆಂಬ ಬಗ್ಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಸಂಶಯವೇ ಇಲ್ಲದ ಮನುಷ್ಯನ ಜೊತೆ ಒಂದೇ ಸೂರಿನಡಿ ಬಾಳುವುದು ಹೇಗಿರುತ್ತದೆಂಬುದನ್ನು ಆ ಮನೆಯ ಹೆಂಗಸರನ್ನೇ ಕೇಳಬೇಕು.

ಲಕ್ಕಪ್ಪ ಅಮ್ಮಿನಬಾವಿಯವ. ಮೂವತ್ತನಾಲ್ಕನೆಯ ವಯಸ್ಸಿನವರೆಗೆ ಇಸ್ಪೀಟು, ಹೆಂಡ, ಹುಂಜದ ಕಾಳಗ ಅಂತ ಊರೂರು ತಿರುಗಿದ. ಆ ವರ್ಷ ಊರಿಗೆ ಪ್ಲೇಗು ಬಂತು, ಅದರ ಮರುವರ್ಷ ಹೆಂಡತಿಯನ್ನು ಕರೆದುಕೊಂಡು ಹುಬ್ಬಳ್ಳಿಗೆ ಬಂದು ದೀಕ್ಷಾಸ್ನಾನ ಮಾಡಿಸಿಕೊಂಡು ಕ್ರಿಸ್ತನ ಒಕ್ಕಲಾದ. ಮಿಶನ್ನಿನವರು ಅವನನ್ನು ಉಪದೇಶಿ ಮಾಡಿದರು. ಹಳ್ಳಿ ಹಳ್ಳಿ ನಡೆದು ಸುವಾರ್ತೆ ಹೇಳುವ ಕೆಲಸ. ಹೆಂಡತಿಗೆ ರೂತವ್ವ ಎಂಬ ಹೊಸ ಹೆಸರು ಸಿಕ್ಕರೂ ಯಾರೂ ಹಾಗೆ ಕರೆಯಲಿಲ್ಲ, ಅವಳು ದುರಗವ್ವನಾಗಿಯೇ ಉಳಿದಳು. ಈಗ ಅವನಿಗೆ ಎಪ್ಪತ್ತು. ನಡೆಯುವ ಕೆಲಸ ನಿಂತಿದೆ, ಹೇಳುವ ಕೆಲಸ ನಿಂತಿಲ್ಲ. ಹೇಳುವುದು ಒಂದೇ ಮಾತು.

"ನಾ ತಡಾ ಮಾಡಿ ಬಂದಾಂವ. ಅರ್ಧಾ ಆಯುಷ್ಯ ಹಾಳ ಮಾಡಿಕೊಂಡ ಬಂದಾಂವ. ನನ್ನ ಮಕ್ಕಳು ಮೊಮ್ಮಕ್ಕಳು ಹಂಗ ಆಗಬಾರದು. ಹಾಲಹಲ್ಲು ಬೀಳೂದರಾಗ ದೇವರು ಸಿಗಬೇಕು."

ಮಗ ಸಾಮುವೇಲ ರೈಲ್ವೆ ಕಾರಖಾನೆಯಲ್ಲಿ ಫಿಟ್ಟರು. ಸೊಸೆ ಹನ್ನವ್ವ. ಮೊಮ್ಮಕ್ಕಳು ಇಬ್ಬರು: ಹದಿಮೂರರ ತಬಿಥಾ, ಮತ್ತು ರಾಹೇಲ. ಆರು ತುಂಬುವವರೆಗೆ ಮಕ್ಕಳಿಗೆ ವಚನದಿಂದ ಮಾಫಿ ಇತ್ತು. ೧೯೩೮ರ ಮಾರ್ಚ್ ಮೊದಲ ವಾರದಲ್ಲಿ ರಾಹೇಲಳಿಗೆ ಆರು ತುಂಬಿತು. ಮರುದಿನ ಬೆಳಿಗ್ಗೆ ಅವಳು ಕುಣಿಯುತ್ತ ಚಾಪೆಗೆ ಬಂದರೆ ತನ್ನ ಪುಟ್ಟ ತಾಟೂ ಬೋರಲಾಗಿತ್ತು.

"ನೀ ಈಗ ದೊಡ್ಡಾಕಿ ಆದಿ" ಅಂದ ಲಕ್ಕಪ್ಪ. "ಹೇಳವ್ವಾ."

ವೇದದಲ್ಲಿ ಎರಡೇ ಶಬ್ದದ ವಚನವೊಂದಿದೆ, ಕರ್ತನು ಕಣ್ಣೀರು ಹಾಕಿದ ಸಂಗತಿ. ತಬಿಥಾ ಹಿಂದಿನ ಸಂಜೆಯೇ ಅದನ್ನು ತಂಗಿಗೆ ಕಲಿಸಿದ್ದಳು. ರಾಹೇಲ ಬಾಯಿ ತೆರೆದಳು. ಮೊದಲ ಅಕ್ಷರ ಬಂತು, ಅಲ್ಲೇ ಸಿಕ್ಕಿಕೊಂಡಿತು. ಅದನ್ನೇ ಹತ್ತು ಸಲ ಅಂದಳು. ಕತ್ತಿನ ನರ ಉಬ್ಬಿತು, ಕಣ್ಣು ಬಿಗಿದುಕೊಂಡಿತು. ಅಷ್ಟರಲ್ಲಿ ಕಾರಖಾನೆಯ ಭೋಂಗಾ ಕೂಗಿತು. ಸಾಮುವೇಲ ಅರ್ಧ ರೊಟ್ಟಿ ಬಾಯಲ್ಲಿಟ್ಟುಕೊಂಡೇ ಎದ್ದುಹೋದ. ಅವನಿಗೆ ಆ ಭೋಂಗಾ ಯಾವಾಗಲೂ ಸರಿಯಾದ ಹೊತ್ತಿಗೇ ಕೂಗುತ್ತಿತ್ತು.

ಕೊನೆಗೂ ಎರಡು ಶಬ್ದ ಹೊರಗೆ ಬಂದವು. ರಾಹೇಲ ತಾಟು ಎತ್ತಿದಳು. ಆ ಒಂದು ದಿನ ರೊಟ್ಟಿ ಸಿಕ್ಕಿತು.

ಮರುದಿನ ಬೇರೆ ವಚನ ಬೇಕಾಯಿತು, ಅದು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಶನಿವಾರದ ಹೊತ್ತಿಗೆ ಆ ಕೂಸು ಐದು ದಿನ ಬರಿಹೊಟ್ಟೆಯಲ್ಲಿ ಶಾಲೆಗೆ ಹೋಗಿತ್ತು.

"ಅಕಿಗಿ ಬಾಯಿ ಹಿಡೀತೈತ್ರಿ ಮಾವ" ಅಂದಳು ಹನ್ನವ್ವ. "ಬೇಕಂತ ಮಾಡಾಕತ್ತಿಲ್ಲ."

"ಬೇಕಂತನ ಮಾಡಾಕತ್ತಾಳ. ಹಿತ್ತಲದಾಗ ಆಡಿನ ಜೋಡಿ ಮಾತಾಡು ಮುಂದ ಕೇಳೀಯೇನು? ಒಂದರ ಸಲ ತಡವರಸ್ತಾಳೇನು? ದೇವರ ಮಾತ ಬಂದ ಕೂಡ್ಲೇ ನಾಲಿಗಿ ಮುದ್ದಿ ಆಗತೈತಿ. ಇದು ಹಟಾ."

"ಆಡು ಅಕಿ ರೊಟ್ಟಿ ಕಸಕೊಳ್ಳಂಗಿಲ್ರಿ."

ಲಕ್ಕಪ್ಪ ಸೊಸೆಯನ್ನು ನೋಡಿದ. ಹನ್ನೆರಡು ಹಳ್ಳಿಯ ಗೌಡರ ಎದುರು ನಿಂತು ವಾದ ಮಾಡಿದವನಿಗೆ ಅಡಿಗೆಮನೆಯಲ್ಲಿ ಎದುರುತ್ತರ ಕೇಳಿ ಗೊತ್ತಿರಲಿಲ್ಲ.

"ನಿನ್ನ ಗಂಡನೂ ಹಿಂಗ ಬೆಳದಾನ" ಅಂದ.

"ಅದನ್ನ ನಾ ದಿನಾ ನೋಡಾಕತ್ತೇನ್ರಿ" ಅಂದಳು ಹನ್ನವ್ವ, ಸೆರಗು ಬಿಗಿದುಕೊಂಡು ಹಿತ್ತಲಿಗೆ ಹೋದಳು.

ರವಿವಾರ ಚರ್ಚಿನಲ್ಲಿ ಪಾದ್ರಿ ಗಿರಿಯಪ್ಪ ಅಯ್ಯನವರ ಪ್ರಸಂಗವಿತ್ತು. ಒಳ್ಳೆಯ ಮನುಷ್ಯರು, ದನಿಯೂ ಒಳ್ಳೆಯದು, ಆದರೆ ಉದಾಹರಣೆ ಸಿಕ್ಕರೆ ಬಿಡುವವರಲ್ಲ. ಎಳೆಯ ವಯಸ್ಸಿನಲ್ಲೇ ದೇವರನ್ನು ಅರಸಬೇಕು, ಮುಪ್ಪಿಗೆ ಮುಂದೂಡಬಾರದು ಅಂತ ಮುಕ್ಕಾಲು ತಾಸು ಹೇಳಿದರು. ಆಮೇಲೆ ಎರಡನೆಯ ಸಾಲಿನಲ್ಲಿ ಕೂತ ಲಕ್ಕಪ್ಪನ ಕಡೆ ಕೈ ಮಾಡಿ, ಈ ಹಿರಿಯರ ಮನೆಯಲ್ಲಿ ವಚನ ಹೇಳದೆ ಯಾರೂ ತಾಟು ಎತ್ತುವುದಿಲ್ಲ, ಇಂಥ ಮನೆಯಿಂದ ತಬಿಥಾಳಂಥ ಹುಡುಗಿ ಈ ಸಲ ದೃಢೀಕರಣಕ್ಕೆ ನಿಲ್ಲುತ್ತಾಳೆ ಅಂದರು. ಅಷ್ಟು ಸಾಕಾಯಿತು. ಮಿಶನ್ ಸಾಲಿನ ಇನ್ನೂ ಮೂರು ಮನೆಗಳಲ್ಲಿ ಸೋಮವಾರದಿಂದ ತಾಟುಗಳು ಬೋರಲಾದವು. ಪಕ್ಕದ ಮನೆಯಲ್ಲಿ ಬೆಳಗಾದರೆ ಹುಡುಗರ ಅಳು ಕೇಳತೊಡಗಿತು.

ದೃಢೀಕರಣವೆಂದರೆ ಸಣ್ಣ ಮಾತಲ್ಲ. ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರದಂದು ಹದಿನಾಲ್ಕರ ಆಸುಪಾಸಿನ ಮಕ್ಕಳು ಬಿಳಿ ಅರಿವೆ ಉಟ್ಟು ಸಭೆಯ ಮುಂದೆ ನಿಲ್ಲುತ್ತಾರೆ. ಅಯ್ಯನವರು ಪ್ರಶ್ನೆ ಕೇಳುತ್ತಾರೆ, ಮಕ್ಕಳು ಉತ್ತರ ಹೇಳುತ್ತಾರೆ. ಕೊನೆಗೆ ಒಬ್ಬೊಬ್ಬರನ್ನೂ ಬೇರೆಯಾಗಿ, "ನೀನಾಗಿ ಬಂದಿರುವೆಯಾ?" ಎಂದು ಕೇಳುತ್ತಾರೆ. ಕೂಸಿದ್ದಾಗ ತಂದೆತಾಯಿ ಕೊಟ್ಟ ಮಾತನ್ನು ಮಗು ತನ್ನ ಬಾಯಿಂದ ಹೇಳುವ ದಿನ ಅದು. ತಬಿಥಾಳಿಗೆ ಆ ದಿನ ಬೇಕಾಗಿತ್ತು. ಯಾರೂ ಹೇಳದೆ ಅವಳು ಬಾವಿಯ ಹತ್ತಿರದ ಹುಣಸೆಮರದ ಕೆಳಗೆ ಕೂತು ಕಣ್ಣು ಮುಚ್ಚುತ್ತಿದ್ದಳು. ದುರಗವ್ವ ಬಿಳಿ ಸೀರೆಯನ್ನು ಆಗಲೇ ತಂದು ಪೆಟ್ಟಿಗೆಯಲ್ಲಿ ಬೇವಿನೆಲೆ ಹಾಕಿ ಇಟ್ಟಿದ್ದಳು.

ಎರಡನೆಯ ವಾರದಲ್ಲಿ ಹನ್ನವ್ವ ಕಳ್ಳತನ ಶುರು ಮಾಡಿದಳು. ತನ್ನ ಮನೆಯಲ್ಲಿ ತನ್ನ ಮಗಳಿಗೆ ರೊಟ್ಟಿ ಕೊಡುವುದನ್ನು ಬೇರೆ ಏನೆನ್ನಬೇಕೋ ಗೊತ್ತಿಲ್ಲ. ಮಾವ ಎದ್ದು ಹೊರಗೆ ಹೋದ ಹೊತ್ತಿನಲ್ಲಿ ರಾಹೇಲಳನ್ನು ದನದ ಕೊಟ್ಟಿಗೆಯ ಹಿಂದೆ ಕರೆದೊಯ್ದು, ರಾತ್ರಿಯ ತಂಗಳು ರೊಟ್ಟಿಗೆ ಬೆಲ್ಲ ತುಪ್ಪ ಸವರಿ ತಿನ್ನಿಸುತ್ತಿದ್ದಳು. ಎಂಟು ದಿನ ನಡೆಯಿತು. ಒಂಬತ್ತನೆಯ ದಿನ ಚಾಪೆಯ ಮೇಲೆ ಕೂತ ಕೂಸಿನ ಕಟವಾಯಲ್ಲಿ ಬೆಲ್ಲ ಕಂಡಿತು.

"ಬಾಯಿಗಿ ಏನ ಹತ್ತೇತಿ?" ಅಂದ ಲಕ್ಕಪ್ಪ. "ಏನರ ತಿಂದಿಯೇನು?"

"ಇಲ್ಲಜ್ಜಾ, ನಾ ಏನೂ ತಿಂದಿಲ್ಲ" ಅಂದಳು ರಾಹೇಲ.

ಒಂದಕ್ಷರ ತಡವರಿಸಲಿಲ್ಲ. ಅಜ್ಜನ ಮುಂದೆ ಅವಳು ನೆಟ್ಟಗೆ ಆಡಿದ ಮೊದಲ ಮಾತು ಅದು. ದುರಗವ್ವನ ಕೈ ಹಿಟ್ಟು ನಾದುವ ಕೊಣಮಿಗೆಯಲ್ಲಿ ನಿಂತಿತು.

"ಕೇಳಿದ್ರೇನು?" ಲಕ್ಕಪ್ಪ ಎಲ್ಲರನ್ನೂ ನೋಡಿದ. "ವಚನಾ ಹೇಳಾಕ ಬಾಯಿ ಇಲ್ಲ, ಸುಳ್ಳ ಹೇಳಾಕ ಹೆಂಗ ಓಡ್ತು ನೋಡ್ರಿ. ಯಾರ ಕಲಿಸಿದ್ರು ಇದನ್ನ?"

"ರೊಟ್ಟಿ ಕೊಟ್ಟಾಕಿ ನಾನು" ಅಂದಳು ಹನ್ನವ್ವ. "ಸುಳ್ಳ ಕಲಿಸಿದವರು ನೀವು."

"ಬಾಯಿ ಮುಚ್ಚು."

"ಮುಚ್ಚಂಗಿಲ್ರಿ. ನಿಮ್ಮ ಅಂಜಿಕಿಗಿ ಅಕಿ ಸುಳ್ಳ ಹೇಳಿದ್ಲು. ಆರು ವರ್ಷದ ಕೂಸಿಗಿ ಈ ಮನ್ಯಾಗ ತುತ್ತು ಸಿಗಬೇಕಂದ್ರ ಸುಳ್ಳ ಹೇಳಬೇಕಾಗೇತಿ. ಇದನ್ನೂ ಅಯ್ಯನವರಿಗಿ ಹೇಳ್ರಿ, ಬರೂ ಐತಾರ ಪ್ರಸಂಗಕ್ಕ ಬರತೈತಿ."

ಮರುದಿನದಿಂದ ಲಕ್ಕಪ್ಪ ಕೋಳಿ ಕೂಗುವ ಹೊತ್ತಿಗೆ ಎದ್ದು ಅಡಿಗೆಮನೆಯ ಹೊಸ್ತಿಲ ಮೇಲೆ ಕೂತುಬಿಟ್ಟ. ಕೈಯಲ್ಲಿ ಕೋಲು, ಕಾಲು ಅಡ್ಡ. ರೊಟ್ಟಿಬುಟ್ಟಿಗೆ ಕಾವಲು. ನೀರು ತರುವವರು, ಕಟ್ಟಿಗೆ ತರುವವರು ಅವನ ಕಾಲು ದಾಟಿಯೇ ಹೋಗಬೇಕು. ಸುವಾರ್ತೆ ಸಾರುತ್ತ ಬಿಸಿಲಲ್ಲಿ ಮೂವತ್ತು ವರ್ಷ ನಡೆದ ಕಾಲುಗಳವು, ಈಗ ಒಂದು ಕೂಸಿಗೆ ರೊಟ್ಟಿ ಸಿಗದಂತೆ ನೋಡಿಕೊಳ್ಳುತ್ತಿದ್ದವು. ಮನುಷ್ಯನಿಗೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ತಬಿಥಾ ನೀರಿಗೆ ಹೋಗುವಾಗ ತಂಗಿ ಹಿಂದೆ ಹಿಂದೆ ಹೋಗುತ್ತಿದ್ದಳು. ಒಂದು ದಿನ ಬಾವಿಕಟ್ಟೆಯ ಮೇಲೆ ಕೂತು ಕೇಳಿದಳು.

"ಅಕ್ಕಾ, ನಾ ತಿನ್ನದ ರೊಟ್ಟಿ ದೇ-ದೇವರು ತಿಂತಾನೇನು?"

"ಯಾಕ ಹಂಗ ಕೇಳ್ತಿ?"

"ಮತ್ತ ಅಂವಗ ನಮ್ಮ ರೊಟ್ಟಿ ಯಾ-ಯಾಕ ಬೇಕು? ಅಂವಗ ಅವ್ವ ಇಲ್ಲೇನು ಮಾಡಿ ಹಾಕಾಕ?"

ತಬಿಥಾಳಿಗೆ ಮುನ್ನೂರು ವಚನ ಬಾಯಿಗೆ ಬರುತ್ತಿದ್ದವು. ಹಗ್ಗ ಎಳೆದು ಕೊಡ ತುಂಬಿಕೊಂಡು ಬಂದಳು. ಬರುವಾಗ ದಾರಿಯಲ್ಲಿ ಸಿಟ್ಟು ಏರುತ್ತ ಹೋಯಿತು, ಮನೆ ತಲುಪುವಷ್ಟರಲ್ಲಿ ಮೈಯೆಲ್ಲ ಕಾದಿತ್ತು.

ಅಂದು ಚಾಪೆಯ ಮೇಲೆ ಅವಳ ಸರದಿ ಬಂದಾಗ ಬಾಯಿ ತೆರೆಯಲಿಲ್ಲ.

"ನಿಂದು?" ಅಂದ ಅಜ್ಜ.

"ಬರತೈತಿ. ಹೇಳಂಗಿಲ್ಲ."

"ಏನಂದಿ?"

"ರಾಹೇಲಳ ತಾಟು ಬೋರಲ ಇರೂತನಕ ನಂದೂ ಬೋರಲ ಇರಲಿ."

"ಗರಿಗಳ ಐತಾರಕ್ಕ ಹದಿನೈದು ದಿನಾ ಉಳದಾವ, ನೀ ಈಗ ನನ್ನ ಜೋಡಿ ಹಟಾ ಹಿಡಿತೀಯೇನು?"

"ನಿಮ್ಮ ಜೋಡಿ ಅಲ್ಲಜ್ಜಾ. ಅಕಿ ಜೋಡಿ ಹಸ್ದು ಕೂಡ್ತೇನಿ, ಅಷ್ಟ."

ಲಕ್ಕಪ್ಪ ನಕ್ಕ. ಎರಡು ದಿನ ನಡೆಯುತ್ತದೆ, ಮೂರನೆಯ ದಿನ ಹಸಿವು ಅವಳ ಬಾಯಿ ಬಿಡಿಸುತ್ತದೆ ಎಂದುಕೊಂಡ. ಬಿಡಿಸಲಿಲ್ಲ. ನಾಲ್ಕನೆಯ ದಿನ ನಗು ನಿಂತಿತು. ಆರನೆಯ ದಿನ ತಬಿಥಾ ಎರಡನೆಯ ಕೊಡ ಹೊತ್ತು ಬರುವಾಗ ಕಣ್ಣು ಕತ್ತಲೆ ಬಂದು ಬಾವಿಯ ಮೆಟ್ಟಿಲ ಮೇಲೆ ಕುಸಿದು ಕೂತಳು. ತಲೆಗೆ ಏಟಾಗಲಿಲ್ಲ. ತಾಮ್ರದ ಕೊಡ ಉರುಳಿ ಒಂದು ಮಗ್ಗುಲು ನೆಗ್ಗಿತು.

ಸಂಜೆ ಸಾಮುವೇಲ ಕಾರಖಾನೆಯಿಂದ ಬಂದು ಕೈಯ ಎಣ್ಣೆ ತೊಳೆಯುತ್ತಿದ್ದಾಗ ಹನ್ನವ್ವ ಆ ಕೊಡವನ್ನು ತಂದು ಅವನ ಮುಂದೆ ಕುಕ್ಕಿದಳು.

"ನೋಡ್ರಿ."

"ಏನಾತು?"

"ನಿಮ್ಮ ಮಗಳು ಬಿದ್ಲು. ಹೊಟ್ಟ್ಯಾಗ ಕೂಳಿಲ್ಲ, ಬಿದ್ಲು. ಇವತ್ತ ಕೊಡಾ ನೆಗ್ಗೇತಿ. ನಾಳಿಗಿ ಬಾವ್ಯಾಗ ಬೀಳ್ತಾಳ."

"ಅಪ್ಪಗ ನಾ ಏನಂತ ಹೇಳ್ಲಿ? ನಾನೂ ಹಂಗ ಬೆಳದೇನಿ."

"ಬೆಳದು ಏನಾಗೀರಿ, ಹೇಳ್ರಿ. ಹದಿನಾಕಕ್ಕ ನಿಮಗ ದೃಢೀಕರಣ ಆತು. ನಿಮ್ಮನ್ನ ಮಾಡಿಕೊಂಡು ಹದಿನಾರು ವರ್ಷ ಆತು. ಒಂದ ದಿನಾ ನೀವಾಗಿ ಮಣಕಾಲ ಊರಿದ್ದು ನಾ ಕಂಡಿಲ್ಲ. ವಚನಾ ಪಟಪಟಾ ಅಂತೀರಿ, ತಾಟು ಎತ್ತೀರಿ, ಭೋಂಗಾ ಆತು ಅಂತ ಓಡ್ತೀರಿ. ಇದಕ್ಕೇನು ದೇವರನ್ನ ಲಗೂ ಹುಡುಕೂದು ಅಂತಾರ?"

ಸಾಮುವೇಲ ಪಕ್ಕದಲ್ಲಿಟ್ಟಿದ್ದ ಬುತ್ತಿಡಬ್ಬಿಯನ್ನು ಎತ್ತಿ ಗೋಡೆಗೆ ಬೀಸಿ ಒಗೆದ. ಮುಚ್ಚಳ ಹಾರಿಹೋಗಿ ತುಳಸಿಯಿಲ್ಲದ ಆ ಅಂಗಳದ ಮೂಲೆಗೆ ಬಿತ್ತು. ಅವನು ಹೊರಗೆ ಹೋದ. ಹನ್ನವ್ವ ಅದನ್ನು ಎತ್ತಲಿಲ್ಲ. ಬೆಳಗಿನವರೆಗೆ ಡಬ್ಬಿ ಅಲ್ಲೇ ಬಿದ್ದಿತ್ತು.

ಗರಿಗಳ ಭಾನುವಾರದ ಹಿಂದಿನ ದಿನ ಅಯ್ಯನವರು ದೃಢೀಕರಣದ ಮಕ್ಕಳ ಮನೆಗೆ ಹೋಗಿ ಪರೀಕ್ಷೆ ಮಾಡುವ ವಾಡಿಕೆ. ಲಕ್ಕಪ್ಪನ ಮನೆಗೆ ಬೆಳಗಿನ ಹೊತ್ತಿಗೇ ಬರುತ್ತೇನೆಂದಿದ್ದರು, ತಾಟಿನ ಪದ್ಧತಿಯನ್ನು ಕಣ್ಣಾರೆ ಕಾಣಬೇಕಂತೆ. ದುರಗವ್ವ ಬದನೆಕಾಯಿ ಎಣ್ಣೆಗಾಯಿ ಮಾಡಿದಳು, ಶೇಂಗಾ ಹಿಂಡಿ ಕುಟ್ಟಿದಳು. ಆವತ್ತು ಏಳು ತಾಟು. ಅಯ್ಯನವರದೂ ಬೋರಲು. ಸಾಮುವೇಲನಿಗೆ ಆ ದಿನ ಎರಡನೆಯ ಪಾಳಿ, ಆದ್ದರಿಂದ ಭೋಂಗಾ ಅವನ ಸಹಾಯಕ್ಕೆ ಬರಲಿಲ್ಲ.

ಅಯ್ಯನವರು ತಮ್ಮ ವಚನ ಹೇಳಿ ನಗುತ್ತ ತಾಟು ಎತ್ತಿದರು. ಲಕ್ಕಪ್ಪ ಎತ್ತಲಿಲ್ಲ. ಮನೆಯ ಯಜಮಾನ, ಎಲ್ಲರದೂ ಆದ ಮೇಲೆ ಅವನದು. ಅಯ್ಯನವರು ತಬಿಥಾಳನ್ನು ಕೇಳಿದರು, ಅವಳು ತನ್ನ ತಾಟಿನ ಬುಡ ನೋಡುತ್ತ ಕೂತಳು.

"ಅಕಿಗಿ ನಾಳಿನ ಅಂಜಿಕಿ" ಅಂದ ಲಕ್ಕಪ್ಪ ಅವಸರದಲ್ಲಿ. "ಮದ್ಲ ಸಣ್ಣಾಕಿನ್ನ ಕೇಳ್ರಿ."

ಅಯ್ಯನವರು ರಾಹೇಲಳ ಕಡೆ ಬಾಗಿದರು. ಅವರ ದನಿ ಮೆತ್ತಗಿತ್ತು.

"ವಚನಾ ಇರಲಿ ಬಿಡವ್ವಾ. ನನಗ ಇಷ್ಟ ಹೇಳು. ದೇವರಂದ್ರ ಯಾರು?"

ರಾಹೇಲ ಅಕ್ಕನನ್ನು ನೋಡಿದಳು, ಅವ್ವನನ್ನು ನೋಡಿದಳು. ಆಮೇಲೆ ತನ್ನ ಮುಂದಿನ ತಾಟಿನ ಬುಡದ ಮೇಲೆ ಬೆರಳಿಟ್ಟಳು.

"ಇದನ್ನ ಬೋ-ಬೋರಲ ಹಾಕಾಂವ."

ಅಯ್ಯನವರಿಗೆ ತಿಳಿಯದೆ ನಗು ಬಂತು, ಮರುಕ್ಷಣ ಬತ್ತಿತು. ಲಕ್ಕಪ್ಪನ ಮುಖ ಕಪ್ಪಿಟ್ಟಿತು. ಮೂವತ್ತೈದು ವರ್ಷದ ತನ್ನ ಕೆಲಸವನ್ನು ಪಾದ್ರಿಯ ಎದುರು ಒಂದು ಕೂಸು ಒಂದೇ ಮಾತಿನಲ್ಲಿ ಹೇಳಿಬಿಟ್ಟಿತ್ತು. ಅವನ ಕೈ ಮೇಲೆದ್ದಿತು. ಮೊಮ್ಮಕ್ಕಳ ಮೇಲೆ ಹಿಂದೆಂದೂ ಎದ್ದ ಕೈಯಲ್ಲ.

"ಕೈ ಇಳಸ್ರಿ" ಅಂದಳು ದುರಗವ್ವ.

ಒಲೆಯ ಮುಂದಿಂದ ಅವಳು ಎದ್ದು ನಿಂತಿದ್ದಳು. ಮೊಣಕೈವರೆಗೆ ಜೋಳದ ಹಿಟ್ಟು. ಹಂಚಿನ ಮೇಲೆ ರೊಟ್ಟಿ ಹೊತ್ತುತ್ತಿತ್ತು, ಯಾರೂ ತೆಗೆಯಲಿಲ್ಲ.

"ನೀ ನಡುವ ಬರಬ್ಯಾಡ" ಅಂದ ಲಕ್ಕಪ್ಪ. "ನಾ ಇದೆಲ್ಲಾ ಯಾರ ಸಲುವಾಗಿ ಮಾಡಾಕತ್ತೇನಿ, ನಿನಗ ಗೊತ್ತಿಲ್ಲೇನು? ನಮ್ಮ ಹೊಳೆಯಪ್ಪ ಒಂಬತ್ತು ವರ್ಷದಾಂವ ಹ್ವಾದ. ನನ್ನ ಬಾಯಿಂದ ಒಂದ ಪ್ರಾರ್ಥನಿ ಕೇಳದ ಹ್ವಾದ. ನಾ ಎಲ್ಲಿದ್ದೆ ಆವತ್ತ? ಹುಂಜದ ಕಾಳಗದಾಗ. ಇವತ್ತಿಗೂ ಅಂವ ಎಲ್ಲಿ ಅದಾನ ಅನ್ನೂದು ನನಗ ಗೊತ್ತಿಲ್ಲ. ಇನ್ನೊಂದ ಕೂಸು ಹಂಗ ಹೋಗಬಾರದು."

ಹೊಳೆಯಪ್ಪನ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಚೊಚ್ಚಲ ಮಗ, ಪ್ಲೇಗಿನಲ್ಲಿ ಹೋದವ. ಸಾಮುವೇಲ ಹುಟ್ಟುವ ಮೊದಲಿನ ಮಾತು.

"ನಿಮಗ ಗೊತ್ತಿಲ್ಲ, ನನಗ ಗೊತ್ತೈತಿ" ಅಂದಳು ದುರಗವ್ವ. "ನೀವು ಇರಲಿಲ್ಲ, ನಾ ಇದ್ದೆ. ಊರ ಹೊರಗ ಹೊಲದಾಗ ಗುಡಸಲಾ ಹಾಕ್ಕೊಂಡಿದ್ವಿ. ಕಡೀ ದಿನಾ ನನ್ನ ಕೂಸು ರೊಟ್ಟಿ ಬೇಡ್ತು. ಜ್ವರದಾಗ ಕೊಡಬಾರದು ಅಂದ್ರು ಯಾರೋ ದೊಡ್ಡವರು. ನಾ ಕೊಡಲಿಲ್ಲ. ಅವ್ವಾ ಒಂದ ತುತ್ತು ಅಂತ ಕೈ ಚಾಚಿತ್ತು. ಕೊಡಲಿಲ್ಲ. ಸಂಜಿಕ ಹೋತು."

ಲಕ್ಕಪ್ಪನ ಕೈ ಕೆಳಗಿಳಿದಿತ್ತು. ಈ ಮಾತನ್ನು ಅವನು ಎಂದೂ ಕೇಳಿರಲಿಲ್ಲ, ಅವಳೂ ಎಂದೂ ಹೇಳಿರಲಿಲ್ಲ.

"ಮೂವತ್ತೈದು ವರ್ಷ ಈ ಒಲಿ ಮುಂದ ಕುಂತು ರೊಟ್ಟಿ ಬಡದೇನಿ. ನೀವು ಸಾಮುವೇಲನ ತಾಟು ಬೋರಲ ಹಾಕಿದ್ರಿ, ನಾ ಸುಮ್ಮಕಿದ್ದೆ. ತಬಿಥಾಂದು ಹಾಕಿದ್ರಿ, ಸುಮ್ಮಕಿದ್ದೆ. ದೇವರ ಕೆಲಸ ಅಂದ್ರಿ, ನಂಬಿದೆ. ಹೊಳೆಯಪ್ಪಗ ಒಂದ ವಚನಾ ಬರತಿದ್ದಿಲ್ಲ. ಅದಕ್ಕ ದೇವರು ಅವನ್ನ ಬಾಗಿಲದಾಗ ನಿಂದ್ರಸ್ಯಾನೇನು? ಏ, ಅಯ್ಯನವರ, ನೀವ ಹೇಳ್ರಿ. ನಿಂದ್ರಸ್ಯಾನೇನು? ನಿಂದ್ರಸಿದ್ರ ಆ ಮನಿಗಿ ನಾನೂ ಬರಂಗಿಲ್ಲ. ನನ್ನ ಕೂಸಿನ ಜೋಡಿ ಹೊರಗ ಕುಂದರ್ತೇನಿ."

ಅಯ್ಯನವರು ತಲೆ ತಗ್ಗಿಸಿದರು. "ಇಲ್ಲವ್ವಾ, ನಿಂದ್ರಸಿಲ್ಲ" ಅಂದರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ಅವರ ಸಭೆಯವರು ಯಾರೂ ಎಂದೂ ಕೇಳಿರಲಿಲ್ಲ.

"ಹಂಗಾರ ಇದನ್ನೂ ಪ್ರಸಂಗದಾಗ ಹೇಳ್ರಿ" ಅಂದಳು ಹನ್ನವ್ವ. "ಮ್ಯಾಲ ನಿಂತು ನಮ್ಮ ತಾಟು ಹೊಗಳಿದ್ರಿ. ಇಳದು ಬಂದು ಹಸ್ದಾರೇನು ಅಂತ ಒಮ್ಮೆರ ಕೇಳಿದ್ರೇನು? ಈಗ ಮೂರು ಮನ್ಯಾಗ ಹುಡುಗರು ಅಳಾಕತ್ತಾವ, ಬಾಜೂಕ ಹೋಗಿ ಕೇಳ್ರಿ."

ತಬಿಥಾ ಎದ್ದು ನಿಂತಳು. "ಅಯ್ಯನವರ, ನಾಳೆ ನಾ ನಿಂದ್ರೂದಿಲ್ಲ."

"ಯಾಕವ್ವಾ?"

"ದೇವರನ್ನ ಬ್ಯಾಡ ಅನ್ನಾಕತ್ತಿಲ್ರಿ. ನೀನಾಗಿ ಬಂದೀಯೇನು ಅಂತ ನೀವು ಕೇಳ್ತೀರಿ. ಹೂಂ ಅಂದ್ರ ಅದು ಸುಳ್ಳಾಗತೈತಿ. ನನ್ನ ತಾಟಿಗಿ ಅಂಜಿ ಕಲ್ತ ಮಾತು ಅವೆಲ್ಲಾ. ಮುಂದಿನ ವರ್ಷ ನಾನಾಗಿ ಬರ್ತೇನಿ. ಆವಾಗ ಕೇಳ್ರಿ."

ಇಷ್ಟು ಹೊತ್ತು ಸಾಮುವೇಲ ಗೋಡೆಗೆ ಒರಗಿ ಕೂತಿದ್ದ. ಅವನು ಮಾತಾಡುತ್ತಾನೆಂದು ಯಾರೂ ಎಣಿಸಿರಲಿಲ್ಲ, ಹೆಂಡತಿಯಂತೂ ಎಣಿಸಿರಲಿಲ್ಲ.

"ಅಪ್ಪಾ" ಅಂದ. "ನನಗ ಆರು ತುಂಬಿದಾಗಿಂದ ವಚನಾ ಹೇಳಾಕತ್ತೇನಿ. ಒಂದರಾಗೂ ದೇವರ ಜೋಡಿ ಮಾತಾಡಿಲ್ಲ. ರೊಟ್ಟಿ ಜೋಡಿ ಮಾತಾಡೇನಿ."

ಹೇಳಿ ಮುಂದಕ್ಕೆ ಬಾಗಿ ರಾಹೇಲಳ ತಾಟನ್ನು ಎತ್ತಿ ಅಂಗಾತ ಇಟ್ಟ. ತಬಿಥಾಳದನ್ನು ಇಟ್ಟ. ಅವ್ವನದು, ಹೆಂಡತಿಯದು, ತನ್ನದು. ಅಪ್ಪನ ತಾಟಿಗೆ ಮಾತ್ರ ಕೈ ಹಚ್ಚಲಿಲ್ಲ. ದುರಗವ್ವ ಹೊತ್ತಿದ ರೊಟ್ಟಿಯನ್ನು ಒಲೆಯ ಬದಿಗೆ ಒಗೆದು ಹೊಸದನ್ನು ಬಡಿಯಲು ಕೂತಳು. ಅಯ್ಯನವರು ತಿನ್ನದೆ ಎದ್ದರು, ಕೊಡೆ ಬಿಡಿಸಿಕೊಂಡು ಪಕ್ಕದ ಮನೆಯ ಕಡೆ ಹೋದರು. ಹನ್ನವ್ವ ಅದನ್ನು ಓರೆಗಣ್ಣಿನಿಂದ ನೋಡಿದಳು.

ಮರುದಿನ ಸಭೆಯ ಮುಂದೆ ಏಳು ಮಕ್ಕಳು ನಿಂತರು. ಎಂಟನೆಯ ಜಾಗ ಖಾಲಿ. ಹೆಂಗಸರು ಪಿಸುಗುಟ್ಟಿದರು. ತಬಿಥಾ ದಿನದ ಸೀರೆಯಲ್ಲೇ ಅವ್ವನ ಪಕ್ಕ ಕೂತು ಕಣ್ಣು ಮುಚ್ಚಿದ್ದಳು. ಲಕ್ಕಪ್ಪ ಎರಡನೆಯ ಸಾಲು ಬಿಟ್ಟು ಹಿಂದೆ ಬಾಗಿಲ ಹತ್ತಿರ ಕೂತಿದ್ದ.

ಸೋಮವಾರ ಬೆಳಿಗ್ಗೆ ಐದು ತಾಟು ಅಂಗಾತ, ಒಂದು ಬೋರಲು. ಲಕ್ಕಪ್ಪ ಬಂದು ತನ್ನ ಜಾಗದಲ್ಲಿ ಕೂತ. ವಚನ ಹೇಳಲಿಲ್ಲ, ತಾಟು ಎತ್ತಲಿಲ್ಲ. ಎಲ್ಲರೂ ತಿಂದು ಏಳುವವರೆಗೆ ಕೂತಿದ್ದು ಎದ್ದುಹೋದ. ಮಂಗಳವಾರವೂ ಹಾಗೇ. ಬುಧವಾರ ದುರಗವ್ವ ಒಂದು ರೊಟ್ಟಿಯನ್ನು ಅವನಿಗೆಂದು ಅರಿವೆಯಲ್ಲಿ ಸುತ್ತಿ ಇಟ್ಟಳು, ಅದು ಮಧ್ಯಾಹ್ನ ಆಡಿನ ಪಾಲಾಯಿತು.

ಸಾಮುವೇಲ ಹೆಂಡತಿಯ ಕಡೆಯಿಂದ ಹೇಳಿಸಲು ನೋಡಿ, ಆಗದೆ, ತಾನೇ ಅವ್ವನಿಗೆ ಅಂದ: "ತಿನ್ನಾಕ ಅಪ್ಪಗ ನೀನರ ಹೇಳವ್ವಾ."

"ನಾ ಹೇಳೂದೆಲ್ಲಾ ಹೇಳೀನಿ" ಅಂದಳು ದುರಗವ್ವ.

ಹನ್ನವ್ವ ಗಂಡನ ಕಡೆ ತಿರುಗಿದಳು. "ಇರಲಿ ಬಿಡ್ರಿ" ಅಂದಳು. "ಹಸಿವು ಅಂದ್ರ ಏನಂತ ಅವರಿಗೂ ತಿಳೀಲಿ. ನನ್ನ ಕೂಸಿಗಿ ಐದು ವಾರ ತಿಳದೈತಿ." ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ, ಇಳಿಯಬೇಕೆಂದು ಅವಳಿಗೆ ಅನಿಸಿಯೂ ಇರಲಿಲ್ಲ.

ಗುರುವಾರ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ. ಲಕ್ಕಪ್ಪ ತನ್ನ ತಾಟಿನ ಬುಡವನ್ನು ನೋಡುತ್ತ ಕೂತಿದ್ದ. ರಾಹೇಲ ತನ್ನ ರೊಟ್ಟಿಯನ್ನು ಅರ್ಧ ತಿಂದು ನಿಲ್ಲಿಸಿದಳು. ಚಾಪೆಯ ಮೇಲೆ ಮೊಣಕಾಲಲ್ಲಿ ಸರಿಯುತ್ತ ಅಜ್ಜನ ಮುಂದೆ ಬಂದಳು. ದೊಡ್ಡ ತಾಟು, ಒಂದು ಕೈಗೆ ಏಳಲಿಲ್ಲ. ಎರಡೂ ಕೈ ಹಾಕಿ ಅಂಗಾತ ಮಾಡಿದಳು. ಅದು ಕಲ್ಲುಹಾಸಿನ ಮೇಲೆ ದೊಡ್ಡ ಸಪ್ಪಳ ಮಾಡಿತು. ಉಳಿದ ಅರ್ಧ ರೊಟ್ಟಿಯನ್ನು ಅದರಲ್ಲಿ ಇಟ್ಟಳು.

ಲಕ್ಕಪ್ಪ ರೊಟ್ಟಿಯನ್ನು ನೋಡಿದ. "ನಾ... ನಾ ಇನ್ನೂ ವಚನಾ ಹೇಳಿಲ್ಲವ್ವಾ" ಅಂದ.

"ಬ್ಯಾ-ಬ್ಯಾಡಜ್ಜಾ" ಅಂದಳು ರಾಹೇಲ. "ಹಸ್ದೀಯಲ್ಲಾ, ತಿನ್ನು."

ಒಲೆಯ ಮುಂದೆ ದುರಗವ್ವ ತಿರುಗಿ ನೋಡಲಿಲ್ಲ. ಲಕ್ಕಪ್ಪ ಮುರಿದ ರೊಟ್ಟಿಯನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದಿದ್ದ. ಅದು ಆರಿಹೋಗಿತ್ತು. ಆಮೇಲೆ ತಿಂದ.